ಪಡೆಯುವವರ ಹೆಸರು

ಭಾನುವಾರ. ಹಾಂಗ್‌ಕಾಂಗಿನ ಮೇಲ್ಸೇತುವೆಯೊಂದರ ಕೆಳಗೆ
ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿದ್ದೇವೆ.
‘ಈ ಬದಿ ಮೇಲಿರಲಿ’ ಎಂಬ ಬಾಣದ ಮೇಲೆ ನನ್ನ ಕಾಲು.
ವಾರಕ್ಕೊಂದು ದಿನದ ಮನೆ ಇದು, ಆರು ಜನರದ್ದು;
ಚಪ್ಪಲಿ ಹೊರಗೇ ಬಿಡಬೇಕು.

ಜೋಸಲಿನ್ ಇಸ್ಪೀಟು ಹಂಚುತ್ತಾಳೆ. ಯಾರದೋ ಉಗುರಿಗೆ ಬಣ್ಣ.
ವಿನಿಗರಿನಲ್ಲಿ ಬೆಂದ ಕೋಳಿ ಡಬ್ಬಿಯಿಂದ ಡಬ್ಬಿಗೆ.
ಲುಸ್ವಿಮಿಂಡಾಳ ಜಾಗ ಖಾಲಿ.
ಅರವತ್ಮೂರಕ್ಕೆ ಊರಿಗೆ ಹೋದಳು, ಮೂರು ಪೆಟ್ಟಿಗೆ, ಒಂದು ಕೇಕು,
ನಾವೆಲ್ಲ ಅತ್ತೆವು.
ಮೊನ್ನೆ ವಿಡಿಯೋದಲ್ಲಿ ನಕ್ಕಳು, ಹಲ್ಲು ಇನ್ನೂ ಕಟ್ಟಿಸಿಕೊಂಡಿಲ್ಲ:
‘ಯಾವುದಾದರೂ ಮನೆ ಇದ್ದರೆ ನೋಡೇ ಮಾರಿವಿಕ್,
ನೆಲ ಒರೆಸೋಕೆ ನನಗೆ ಈಗಲೂ ಬರುತ್ತೆ.’

ಆ ರಾತ್ರಿ ಪೋಪೋ ಗಂಟೆ ಒತ್ತಿದಳು. ಎದ್ದೆ.
ಎಂಬತ್ತೆಂಟರ ಮೈಯನ್ನು ಮಗ್ಗುಲು ತಿರುಗಿಸುತ್ತ
ಯೋಚನೆಯೊಂದು ಬಂತು, ಬಂದದ್ದು ಹೋಗಲಿಲ್ಲ:
ಇವಳ ಗಂಟೆಗೆ ನಾನು.
ನನ್ನ ಗಂಟೆ ಯಾರ ಕಿವಿಗೆ?

ಇಪ್ಪತ್ತೆರಡು ವರ್ಷದ ರಸೀದಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ.
ಕೂತು ಓದಿದೆ, ಕತೆ ಓದಿದ ಹಾಗೆ.
ಅಮ್ಮನ ಕಣ್ಣಿನ ಪೊರೆ. ಬಿರುಗಾಳಿ ಒಯ್ದ ತಗಡು.
ಮತ್ತೆ ತಗಡು.
ತಮ್ಮನ ಮೂರು ಗಾಲಿಯ ಗಾಡಿ.
ಮಗಳ ನರ್ಸಿಂಗ್ ಫೀಸು, ಎಂಟು ಕಂತು;
ಅವಳೀಗ ರಿಯಾದಿನಲ್ಲಿ ಬೇರೆಯವರ ಗಂಟೆಗೆ ಏಳುತ್ತಾಳೆ.
ಯಾರದೋ ಮದುವೆಯ ಹಂದಿ. ಅದೇ ಹಂದಿಯ ಸಾಲ.
ಇಡೀ ಪುಸ್ತಕದಲ್ಲಿ ಪಡೆಯುವವರು ಹನ್ನೊಂದು ಜನ,
ಕಳಿಸುವವಳು ಒಬ್ಬಳೇ.

ಹನಿ ಹನಿ ಕೂಡಿದರೆ ಹಳ್ಳವಂತೆ.
ಸರಿ. ಮೊದಲ ಹನಿಗೇ ನಲವತ್ತೇಳಾಗಿದ್ದರೆ?
ರಟ್ಟಿನ ಅಂಚಿನಲ್ಲಿ ಪೆನ್ನಿನಿಂದ ಲೆಕ್ಕ ಹಾಕಿದೆ:
ತಿಂಗಳಿಗೆ ಮುನ್ನೂರು, ಹದಿಮೂರು ವರ್ಷ,
ನೂರ ಐವತ್ತಾರು ರಸೀದಿ,
ನಲವತ್ತಾರು ಸಾವಿರದ ಎಂಟುನೂರು ಡಾಲರ್, ಬಡ್ಡಿ ಬಿಟ್ಟು.
ಗಾಡಿ, ತಗಡು, ಹಂದಿ ಕೂಡಿಸಿದರೆ ಇದಕ್ಕಿಂತ ಹೆಚ್ಚು.
ಜೋಸಲಿನ್ ಇಣುಕಿ ನೋಡಿ,
‘ಇದರಲ್ಲಿ ಎಷ್ಟು ದಿನ ಬದುಕಬಹುದು?’ ಎಂದಳು.
ಉತ್ತರ ಗೊತ್ತಿತ್ತು. ಇಸ್ಪೀಟು ಎತ್ತಿಕೊಂಡೆ.
ಬೆಂಕಿ ಬಿದ್ದಾಗ ಬಾವಿ ತೋಡುವವಳು ಎಂದು ನಗಲಿ ಬೇಕಾದರೆ;
ತೋಡದೆ ಕೂತರೆ ಬೆಂಕಿ ಆರುತ್ತದೆಯೆ?

ಮೂರನೇ ಮಹಡಿ, ಹಣ ಕಳಿಸುವ ಕಿಟಕಿ, ಸಾಲು ಮೆಟ್ಟಿಲವರೆಗೆ.
ಗಾಜಿನಾಚೆಯ ಹುಡುಗಿಗೆ ನನ್ನ ಹನ್ನೊಂದು ಜನವೂ ಬಾಯಿಪಾಠ.
‘ತಮ್ಮನಿಗಾ ಅಕ್ಕಾ?’
ಅವನಿಗೂ. ಮೊದಲು ಇದೊಂದು.
ಊರಿನ ಬ್ಯಾಂಕು, ಹೊಸ ಖಾತೆ.
ಪಡೆಯುವವರ ಹೆಸರು: ಮಾರಿವಿಕ್ ದುಮ್ಲಾವ್.
ಕಳಿಸುವವರ ಹೆಸರು: ಅದೇ.
ಸಂಬಂಧ:
ಪೆನ್ನು ಅಲ್ಲಿ ನಿಂತಿತು.

‘ಸ್ವಂತ ಅಂತ ಬರೀರಿ.’
ಸ್ವಂತ! ಅವಳನ್ನು ನಾನು ಕಂಡೇ ಇಲ್ಲ.
ಎಪ್ಪತ್ತರ ಹೆಂಗಸು. ನನ್ನದೇ ಎಡಮಂಡಿ, ಇನ್ನಷ್ಟು ಕೆಟ್ಟದ್ದು.
ಬೆಳಿಗ್ಗೆ ಐದಕ್ಕೇ ಏಳುತ್ತಾಳೇನೋ, ಅಭ್ಯಾಸಬಲ,
ಎದ್ದು, ಮಾಡಲು ಏನೂ ಇಲ್ಲವೆಂದು ನೆನಪಾಗಿ
ಮತ್ತೆ ಮಲಗಿದರೆ ಎಷ್ಟು ಚೆನ್ನ.
ಕಾಫಿಗೆ ಎರಡನೇ ಚಮಚ ಸಕ್ಕರೆ ಹಾಕಲು
ಯಾರ ಮುಖವನ್ನೂ ನೋಡದಿದ್ದರೆ.
ಈ ಮುನ್ನೂರು ಕೈ ಸೇರಿದಾಗ ನನ್ನನ್ನು ನೆನೆಯುತ್ತಾಳೋ,
ತಡ ಮಾಡಿದೆಯಲ್ಲೇ ಎಂದು ಬೈಯುತ್ತಾಳೋ.
ಬೈಯಲಿ. ಬೈಯುವಷ್ಟು ಗಟ್ಟಿಯಿದ್ದರೆ ಸಾಕು.

ಹಿಂದಿನವರು ಕೆಮ್ಮಿದರು. ಬರೆದೆ.

ಸಂಜೆ ತಮ್ಮನ ಮೆಸೇಜು: ಈ ಸಲ ಕಡಿಮೆ ಬಂದಿದೆ?
‘ಇನ್ನೊಬ್ಬರಿಗೆ ಕಳಿಸಬೇಕಿತ್ತು.’
ಯಾರು?
‘ನಿನಗೆ ಗೊತ್ತಿಲ್ಲ. ವಯಸ್ಸಾದ ಹೆಂಗಸು. ಹಿಂದೆ ಮುಂದೆ ಯಾರೂ ಇಲ್ಲ.’
ಪರದೆಯ ಮೇಲೆ ಮೂರು ಚುಕ್ಕಿ ಕುಣಿದವು, ನಿಂತವು, ಮತ್ತೆ ಕುಣಿದವು.
ನಾವು ರಟ್ಟು ಮಡಚುತ್ತಿದ್ದೆವು, ಲೆಕ್ಕ ಒಳಮಗ್ಗುಲಿಗೆ ಬರುವಂತೆ.
‘ಪಾಪ’ ಎಂದು ಬರೆದ,
‘ಮುಂದಿನ ತಿಂಗಳು ನನ್ನ ಪಾಲಿನಿಂದಲೂ ಐವತ್ತು ಸೇರಿಸು.’